ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕೇ? ಪಾಳಿ ಕೆಲಸದ ಒತ್ತಡದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಕೊಪ್ಪಳದ ಹತ್ತಿರ, ಗಿಣಿಗೇರಾ ಸುತ್ತಮುತ್ತಲಿನ ಸ್ಪಾಂಜ್ ಐರನ್ ಕಾರ್ಖಾನೆಯೊಂದರಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೂರು ವರ್ಷದಿಂದ ಶಿಫ್ಟ್ ಇನ್‌ಚಾರ್ಜ್. ವಯಸ್ಸು 37. ಒಂದು ವಾರ ಸಿ ಶಿಫ್ಟ್, ಅಂದರೆ ರಾತ್ರಿ 10ರಿಂದ ಬೆಳಿಗ್ಗೆ 6; ಮರುವಾರ ಬಿ, ಮಧ್ಯಾಹ್ನ 2ರಿಂದ ರಾತ್ರಿ 10; ಅದರ ಮುಂದಿನ ವಾರ ಎ, ಬೆಳಿಗ್ಗೆ 6ರಿಂದ ಮಧ್ಯಾಹ್ನ 2. ಮುಂದಿನ ಪಾಳಿಗೆ ಬಂದು ನನ್ನನ್ನು ಬಿಡಿಸಬೇಕಾದ ರಿಲೀವರ್ ಬಾರದಿದ್ದರೆ ಡಬಲ್ ಡ್ಯೂಟಿ. ಉತ್ಪಾದನೆಯ ಟನ್ನೇಜ್ ಕಡಿಮೆಯಾದರೆ ಮೇಲಿನವರು ನನ್ನನ್ನು ಕೇಳುತ್ತಾರೆ, ಜನ ಸಾಲುತ್ತಿಲ್ಲವೆಂದು ಕೆಳಗಿನವರೂ ನನ್ನನ್ನೇ ಕೇಳುತ್ತಾರೆ. ವೀಕ್ಲಿ ಆಫ್ ದಿನವೂ ವಾಟ್ಸ್‌ಆ್ಯಪ್ ಗ್ರೂಪಿಗೆ ಉತ್ತರ ಕೊಡಬೇಕು. ಈ ಸಲ ಗವಿಮಠದ ಜಾತ್ರೆಯ ತೇರಿಗೂ ಹೋಗಲಾಗಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದರೆ ನಿದ್ದೆ ಹತ್ತುವುದಿಲ್ಲ. ಒಂದು ಕ್ವಾರ್ಟರ್ ಹಾಕಿದರೆ ಕಣ್ಣು ಮುಚ್ಚುತ್ತದೆ, ಇಲ್ಲವಾದರೆ ಗೆಳೆಯ ಕೊಟ್ಟ ಅಲ್ಪ್ರಾಜೋಲಾಂ ಮಾತ್ರೆ. ಮನೆಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ಕಳೆದ ತಿಂಗಳು ಕಂಪನಿಯವರು ಅರ್ಧ ದಿನದ ರೆಸಿಲಿಯನ್ಸ್, ಅಂದರೆ ಒತ್ತಡ ತಾಳಿಕೊಳ್ಳುವ ಶಕ್ತಿಯ, ತರಬೇತಿ ಕೊಡಿಸಿದರು. ಒತ್ತಡ ಹೊರಗಿಲ್ಲ, ನಿಮ್ಮ ಯೋಚನೆಯಲ್ಲಿದೆ ಎಂದರು. ಹಾಗಾದರೆ ನನ್ನ ಮನಸ್ಸೇ ದುರ್ಬಲವೇ? ಅದನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ? ಅಥವಾ ಕೆಲಸ ಬಿಡುವುದೇ ಒಳ್ಳೆಯದೇ? (ಆರು ತಿಂಗಳ ಹಿಂದೆ ನನ್ನ ಶಿಫ್ಟಿನಲ್ಲೇ ಗುತ್ತಿಗೆ ಹುಡುಗನೊಬ್ಬನ ಎರಡೂ ಕೈ ಸುಟ್ಟವು. ಈಗಲೂ ಸೈರನ್ ಕೂಗಿದರೆ ಮೈ ಬೆವರುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲದಿರಬಹುದು.)

ಉತ್ತರ: ನಿಮ್ಮ ಪತ್ರದಲ್ಲಿ ಕಂಸದೊಳಗೆ ಹಾಕಿ ಮುಗಿಸಿಬಿಟ್ಟ ಮಾತಿನಿಂದಲೇ ಆರಂಭಿಸುತ್ತೇನೆ. ನನ್ನ ಅನುಭವದಲ್ಲಿ, ಕಾರ್ಖಾನೆಯಿಂದ ಬರುವವರು ಬಹಳ ಮುಖ್ಯವಾದ ಸಂಗತಿಯನ್ನು ಬಾಗಿಲ ಹತ್ತಿರ ಹೋಗಿ, ಚಪ್ಪಲಿ ಮೆಟ್ಟುತ್ತಾ ಹೇಳುವುದೇ ಹೆಚ್ಚು. ಆ ಹುಡುಗನ ಕೈ ಸುಟ್ಟದ್ದಕ್ಕೂ ನಿಮ್ಮ ಈಗಿನ ಸ್ಥಿತಿಗೂ ಸಂಬಂಧ ಇಲ್ಲದಿರಬಹುದು ಎಂದಿದ್ದೀರಿ. ಇರಬಹುದು ಎಂದೇ ನನಗೆ ಅನ್ನಿಸುತ್ತದೆ, ಮತ್ತು ಅದು ಇದೆಯೋ ಇಲ್ಲವೋ ಎಂಬುದು ಮೊದಲು ಇತ್ಯರ್ಥವಾಗದೆ ಉಳಿದ ಯಾವ ಸಲಹೆಯೂ ನಿಮಗೆ ಸರಿಯಾಗಿ ಹತ್ತುವುದಿಲ್ಲ.

ಕಣ್ಣೆದುರು ಒಬ್ಬರಿಗೆ ಭೀಕರ ಗಾಯವಾದ ಮೇಲೆ ಕೆಲವು ದಿನ ನಿದ್ದೆ ಕೆಡುವುದು, ಅದೇ ದೃಶ್ಯ ಮರಳಿ ಮರಳಿ ಬರುವುದು, ಸಣ್ಣ ಸದ್ದಿಗೂ ಬೆಚ್ಚುವುದು ಸಹಜ. ಬಹುಪಾಲು ಜನರಲ್ಲಿ ಇವು ವಾರಗಳು ಕಳೆದಂತೆ ತಾವಾಗಿಯೇ ಇಳಿಯುತ್ತವೆ. ಒಂದು ತಿಂಗಳು ಮೀರಿಯೂ ಇಳಿಯದೆ, ನಿದ್ದೆಯನ್ನೂ ಕೆಲಸವನ್ನೂ ಮನೆಯನ್ನೂ ಕೆಡಿಸುತ್ತಾ ಹೋದರೆ ಅದನ್ನು ಆಘಾತದ ನಂತರದ ಒತ್ತಡದ ಕಾಯಿಲೆ ಎಂದು ವೈದ್ಯರು ಪರಿಗಣಿಸುತ್ತಾರೆ. ನಿಮ್ಮಲ್ಲಿ ಆರು ತಿಂಗಳಾಗಿವೆ. ಪತ್ರ ಓದಿ ರೋಗನಿರ್ಣಯ ಮಾಡುವುದು ತಪ್ಪು. ಆದರೆ ವೈದ್ಯರು ಕೇಳುವ ಪ್ರಶ್ನೆಗಳನ್ನು ನೀವೇ ಕೇಳಿಕೊಳ್ಳಬಹುದು. ಅಪಘಾತ ನಡೆದ ಜಾಗವನ್ನು ತಪ್ಪಿಸಿ ಸುತ್ತು ಹಾಕಿ ಹೋಗುತ್ತೀರಾ? ಸುಟ್ಟ ಬಟ್ಟೆಯ ವಾಸನೆ, ವಾಕಿಟಾಕಿಯಲ್ಲಿ ಒಮ್ಮೆಲೇ ಬರುವ ಕೂಗು, ಆ ಹೊತ್ತಿಗೆ ಯಾರೋ ಕರೆದ ಒಂದು ಹೆಸರು, ಇಂಥದ್ದು ಕಿವಿಗೋ ಮೂಗಿಗೋ ತಾಕಿದಾಗ ಅದು ಈಗಲೇ ನಡೆಯುತ್ತಿರುವಂತೆ ಎದೆ ಬಡಿದುಕೊಳ್ಳುತ್ತದೆಯೇ? ‘ನಾನು ಐದು ನಿಮಿಷ ಮೊದಲು ಅಲ್ಲಿಗೆ ಹೋಗಿದ್ದರೆ’ ಎಂಬ ಯೋಚನೆ ತಿರುಗಿ ತಿರುಗಿ ಬರುತ್ತದೆಯೇ? ಇನ್‌ಚಾರ್ಜ್ ಆದವರಲ್ಲಿ ಈ ಕಡೆಯ ಪ್ರಶ್ನೆಯ ಭಾರವೇ ಹೆಚ್ಚು. ವಿಚಾರಣೆಯ ಕಡತ ಮುಚ್ಚಿದರೂ ತಲೆಯೊಳಗಿನ ವಿಚಾರಣೆ ನಿಲ್ಲುವುದಿಲ್ಲ.

ಇವುಗಳಲ್ಲಿ ಎರಡಕ್ಕಾದರೂ ಹೌದು ಎಂಬ ಉತ್ತರ ಬಂದರೆ ತರಬೇತಿ, ಧ್ಯಾನ, ಸಕಾರಾತ್ಮಕ ಚಿಂತನೆ ಎಲ್ಲವನ್ನೂ ಸದ್ಯಕ್ಕೆ ಬದಿಗಿಟ್ಟು ಮನೋವೈದ್ಯರನ್ನು ಕಾಣಿರಿ. ಇದಕ್ಕೆ ಪರಿಣಾಮಕಾರಿ ಚಿಕಿತ್ಸೆ ಇದೆ. ಆ ಘಟನೆಯ ನೆನಪನ್ನು ಹಂತಹಂತವಾಗಿ, ತರಬೇತಿ ಪಡೆದವರ ಜೊತೆ ಕುಳಿತು ಎದುರಿಸುವ ಮಾತಿನ ಚಿಕಿತ್ಸೆಯೇ ಮೊದಲನೆಯದು, ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಭೇಟಿಗಳಷ್ಟು. ಅಗತ್ಯವಿದ್ದಾಗ ಸರ್ಟ್ರಾಲಿನ್‌ನಂಥ ಔಷಧಿಯನ್ನೂ ಕೊಡುತ್ತಾರೆ. ಅಪಘಾತವಾದ ಮರುದಿನ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ ‘ಆದದ್ದನ್ನು ಹೇಳಿ ಹಗುರಾಗಿ’ ಎಂದು ಒಂದೇ ಸಲಕ್ಕೆ ಒತ್ತಾಯದಿಂದ ಮಾತಾಡಿಸುವ ಪದ್ಧತಿ ಕೆಲವು ಕಡೆ ಇದೆ. ಅದರಿಂದ ಉಪಯೋಗವಿಲ್ಲವೆಂದೂ ಕೆಲವರಿಗೆ ಹಾನಿಯೂ ಆಗಬಹುದೆಂದೂ ಸಂಶೋಧನೆಗಳು ತೋರಿಸಿರುವುದರಿಂದ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಶಿಫಾರಸು ಮಾಡುವುದಿಲ್ಲ. ನಿಮ್ಮ ಶಿಫ್ಟಿನ ಹುಡುಗರ ಬಗ್ಗೆಯೂ ಇದನ್ನು ನೆನಪಿಡಿ. ಅವರಲ್ಲಿ ಯಾರಿಗೆ ಮಾತಾಡಬೇಕೆನ್ನಿಸುತ್ತದೆಯೋ ಅವರಿಗೆ ಕಿವಿಗೊಡಿ, ಬೇಡವೆಂದವರನ್ನು ಬಿಡಿ. ಬದುಕೇ ಬೇಡ ಎನ್ನುವಂಥ ಯೋಚನೆ ನಿಮಗಾಗಲಿ ಅವರಿಗಾಗಲಿ ಬಂದರೆ ಮಾತ್ರ ಕಾಯಬಾರದು. ಅದೇ ದಿನ ವೈದ್ಯರ ಬಳಿ ಹೋಗಬೇಕು, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬೇಕು.

ಇನ್ನು ನಿದ್ದೆ. ನಿಮ್ಮ ಪತ್ರವನ್ನು ಎರಡನೆಯ ಸಲ ಓದಿದಾಗ ಕಣ್ಣಿಗೆ ಬಿದ್ದದ್ದು ಪಾಳಿ ತಿರುಗುವ ದಿಕ್ಕು. ಸಿ, ಆಮೇಲೆ ಬಿ, ಆಮೇಲೆ ಎ: ಅಂದರೆ ಪ್ರತಿ ವಾರವೂ ನೀವು ಗಡಿಯಾರದಲ್ಲಿ ಎಂಟು ಗಂಟೆ ಹಿಂದಕ್ಕೆ ಸರಿಯುತ್ತಿದ್ದೀರಿ. ನಮ್ಮ ದೇಹದೊಳಗಿನ ಗಡಿಯಾರದ ಸುತ್ತು 24 ಗಂಟೆಗಿಂತ ತುಸು ಉದ್ದವಾದ್ದರಿಂದ ಮಲಗುವ ಹೊತ್ತನ್ನು ತಡ ಮಾಡುವುದು ಸುಲಭ, ಬೇಗ ಮಾಡುವುದು ಕಷ್ಟ. ಹೀಗಾಗಿ ಎ, ಬಿ, ಸಿ ಎಂದು ಮುಂದಕ್ಕೆ ತಿರುಗುವ ಪಾಳಿಗೆ ದೇಹ ಹೊಂದಿಕೊಂಡಷ್ಟು ಚೆನ್ನಾಗಿ ಹಿಂದಕ್ಕೆ ತಿರುಗುವ ಪಾಳಿಗೆ ಹೊಂದಿಕೊಳ್ಳುವುದಿಲ್ಲ. ಇದರ ಜೊತೆಗೆ ವೀಕ್ಲಿ ಆಫ್ ರದ್ದಾದ ವಾರವನ್ನು ಎಣಿಸಿ ನೋಡಿ: ರಾತ್ರಿ 10ಕ್ಕೆ ಬಿ ಶಿಫ್ಟ್ ಮುಗಿಸಿದವರು ಬೆಳಿಗ್ಗೆ 6ಕ್ಕೆ ಎ ಶಿಫ್ಟಿಗೆ ಹಾಜರಿರಬೇಕು. ಆ ಎಂಟು ಗಂಟೆಯಲ್ಲೇ ಮನೆಗೆ ಬರಬೇಕು, ಉಣ್ಣಬೇಕು, ಮಲಗಬೇಕು, ಎದ್ದು ಮತ್ತೆ ಗೇಟಿಗೆ ಬರಬೇಕು. ನಿಜವಾಗಿ ಸಿಗುವುದು ನಾಲ್ಕೂವರೆ, ಐದು ಗಂಟೆಯ ನಿದ್ದೆ. ಇದು ನಿಮ್ಮ ಮನೋಬಲದ ಕೊರತೆಯಲ್ಲ, ಪಾಳಿಪಟ್ಟಿಯ ಲೆಕ್ಕ.

ಡಬಲ್ ಡ್ಯೂಟಿಯದ್ದು ಇನ್ನೂ ಗಂಭೀರ. ಸಂಜೆ 5ಕ್ಕೆ ಎದ್ದು ಸಿ ಶಿಫ್ಟಿಗೆ ಬಂದವರು, ಬೆಳಿಗ್ಗೆ ರಿಲೀವರ್ ಬಾರದೆ ಎ ಶಿಫ್ಟನ್ನೂ ಮುಗಿಸಿ ಮಧ್ಯಾಹ್ನ 2ಕ್ಕೆ ಹೊರಬರುವಾಗ 21 ಗಂಟೆ ಎಚ್ಚರವಿದ್ದಿರುತ್ತಾರೆ. ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವೊಂದರಲ್ಲಿ, 17 ಗಂಟೆ ಸತತ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರಷ್ಟೇ ಕುಗ್ಗಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಕಾನೂನು ಒಪ್ಪುವ ಮಿತಿ 0.03. ಅಂದರೆ ಒಂದು ಹನಿ ಕುಡಿಯದೆಯೂ ನೀವು ಆ ಮಿತಿಯನ್ನು ದಾಟಿದವರಂತೆಯೇ ಬೈಕ್ ಹತ್ತುತ್ತೀರಿ, ಅದೂ ಅದಿರಿನ ಲಾರಿಗಳು ಸಾಲುಗಟ್ಟುವ ಹೊಸಪೇಟೆ–ಕೊಪ್ಪಳ ಹೆದ್ದಾರಿಯಲ್ಲಿ. ಡಬಲ್ ಡ್ಯೂಟಿ ಮುಗಿದ ದಿನ ಬೈಕ್ ಅಲ್ಲೇ ಬಿಟ್ಟು ಕಂಪನಿ ಬಸ್ಸಿನಲ್ಲೋ ಷೇರ್ ಆಟೋದಲ್ಲೋ ಬನ್ನಿ. ನಾಚಿಕೆಪಡುವ ವಿಷಯವಲ್ಲ.

ಹಗಲು ನಿದ್ದೆ ರಾತ್ರಿಯ ನಿದ್ದೆಯಷ್ಟು ಉದ್ದವೂ ಇರುವುದಿಲ್ಲ, ಆಳವೂ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆಯ ಬಿಸಿಲಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಬೀದಿಯಲ್ಲಿ ಯಾವುದಾದರೊಂದು ಮೈಕು ಸದಾ ಮೊಳಗುತ್ತಿರುವಾಗ ಮಲಗುವವರಿಗೆ ನಿದ್ರೆಯ ಬಗ್ಗೆ ಉಪದೇಶ ಮಾಡುವುದು ನನಗೂ ಮುಜುಗರವೇ. ಆದರೂ ಕೈಯಲ್ಲಿರುವ ಕೆಲವು ಸಂಗತಿಗಳಿವೆ. ಸಿ ಶಿಫ್ಟ್ ಮುಗಿಸಿ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ‘ಎದ್ದಿರು’ ಎಂಬ ಸಂದೇಶ ಮಿದುಳಿಗೆ ಹೋಗಿ ನಿದ್ದೆ ತರುವ ಮೆಲಟೋನಿನ್ ಇಳಿಯುತ್ತದೆ. ಮನೆಗೆ ಬಂದು ಹಗುರವಾಗಿ ತಿಂದು, ಮೊಬೈಲ್ ಬೇರೆ ಕೋಣೆಯಲ್ಲಿಟ್ಟು ನೇರ ಮಲಗಿ. ಬ್ಯಾಂಕು, ಗ್ಯಾಸು, ಮಕ್ಕಳ ಶಾಲೆಯ ಕೆಲಸಗಳೆಲ್ಲ ಎದ್ದ ಮೇಲೆ. ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆ ಕಟ್ಟಿ. ಚಹಾ, ಕಾಫಿಯನ್ನು ರಾತ್ರಿಯ ಮೊದಲರ್ಧಕ್ಕೆ ಸೀಮಿತಗೊಳಿಸಿ, ಏಕೆಂದರೆ ಕುಡಿದ ಕೆಫೀನಿನ ಅರ್ಧ ಭಾಗ ಸುಮಾರು ಐದು ಗಂಟೆ ಕಳೆದರೂ ರಕ್ತದಲ್ಲೇ ಇರುತ್ತದೆ. ನಾಲ್ಕು ಗಂಟೆಯ ಜಾವದಲ್ಲಿ ಕ್ಯಾಂಟೀನಿನ ಹುಡುಗ ತರುವ ಆ ಸ್ಟ್ರಾಂಗ್ ಚಹಾ ಎಂಟು ಗಂಟೆಗೆ ನಿಮ್ಮ ಹಾಸಿಗೆಯಲ್ಲಿ ಜೊತೆಗೆ ಮಲಗಿರುತ್ತದೆ. ಸಿ ಶಿಫ್ಟಿಗೆ ಹೊರಡುವ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಿ ಎದ್ದರೆ ಜಾವದ ಮೂರರಿಂದ ಐದರವರೆಗಿನ ಕಡುತೂಕಡಿಕೆ ಎಷ್ಟೋ ಹಗುರಾಗುತ್ತದೆ.

ಕ್ವಾರ್ಟರ್ ಮತ್ತು ಮಾತ್ರೆಯ ವಿಷಯವನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದೀರಿ. ನಾನೂ ಹಾಗೆಯೇ ಉತ್ತರಿಸುತ್ತೇನೆ. ಮದ್ಯ ನಿದ್ದೆಯನ್ನು ಬೇಗ ಹತ್ತಿಸುತ್ತದೆ ಎಂಬುದು ನಿಜ. ಆದರೆ ಅದು ದೇಹದಲ್ಲಿ ಕರಗುತ್ತಾ ಬಂದಂತೆ ನಿದ್ದೆಯ ಎರಡನೆಯ ಅರ್ಧ ಚೂರುಚೂರಾಗುತ್ತದೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಯಿ ಒಣಗಿ, ಎದೆ ಡವಗುಟ್ಟುತ್ತಾ ಎಚ್ಚರವಾಗುವುದು ಇದರಿಂದಲೇ. ಎದ್ದ ಮೇಲಿನ ಆ ಕಿರಿಕಿರಿಯೇ ಮಕ್ಕಳ ಮೇಲೆ ರೇಗಾಟವಾಗುತ್ತದೆ. ಅಲ್ಪ್ರಾಜೋಲಾಂ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿ. ವಾರಗಟ್ಟಲೆ ತೆಗೆದುಕೊಂಡರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಆಘಾತದ ಕಾಯಿಲೆಗೆ ಅದು ಚಿಕಿತ್ಸೆಯೂ ಅಲ್ಲ. ಎರಡನ್ನೂ ಒಂದೇ ದಿನ ತೆಗೆದುಕೊಳ್ಳುವುದು ಉಸಿರಾಟವನ್ನೇ ಕುಗ್ಗಿಸಬಲ್ಲ ಅಪಾಯ, ಅದನ್ನು ಇಂದಿನಿಂದಲೇ ನಿಲ್ಲಿಸಿ. ಆದರೆ ಮಾತ್ರೆಯನ್ನು ಬಹುದಿನದಿಂದ ದಿನವೂ ನುಂಗುತ್ತಿದ್ದರೆ ಒಮ್ಮೆಲೇ ಬಿಡಬೇಡಿ. ಹಾಗೆ ಬಿಟ್ಟವರಿಗೆ ಫಿಟ್ಸ್ ಬಂದದ್ದುಂಟು. ಪ್ರಮಾಣವನ್ನು ಮೆಲ್ಲಗೆ ಇಳಿಸುವ ಕ್ರಮವನ್ನು ವೈದ್ಯರೇ ಬರೆದುಕೊಡುತ್ತಾರೆ. ದಿನವೂ ಕುಡಿಯುವವರು ಮದ್ಯವನ್ನು ಬಿಡುವಾಗಲೂ ಇದೇ ಎಚ್ಚರಿಕೆ ಬೇಕು. ಇದೇ ಭೇಟಿಯಲ್ಲಿ ರಕ್ತದೊತ್ತಡ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಮೈ ಬೆವರುವುದಕ್ಕೆ, ಸುಸ್ತಿಗೆ ಅಲ್ಲಿಯೂ ಕಾರಣವಿರಬಹುದು.

ಈಗ ನಿಮ್ಮ ಮೂಲ ಪ್ರಶ್ನೆ: ಮನಸ್ಸು ದುರ್ಬಲವೇ? ಒತ್ತಡ ಹೊರಗಿಲ್ಲ, ಯೋಚನೆಯಲ್ಲಿದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಅರ್ಧ ಸತ್ಯವಿದೆ: ಒಂದೇ ಘಟನೆಯನ್ನು ಇಬ್ಬರು ಬೇರೆಬೇರೆಯಾಗಿ ತೆಗೆದುಕೊಳ್ಳುತ್ತಾರೆ, ಮತ್ತು ಯೋಚಿಸುವ ರೀತಿಯನ್ನು ತಕ್ಕಮಟ್ಟಿಗೆ ತಿದ್ದಿಕೊಳ್ಳಬಹುದು. ಆದರೆ ಉಳಿದರ್ಧವನ್ನು ಬಿಟ್ಟು ಹೇಳಿದಾಗ ಅದು ದುಡಿಯುವವನ ಮೇಲೆ ಹೊರಿಸುವ ಆರೋಪವಾಗುತ್ತದೆ. ಕೆಲಸದ ಒತ್ತಡವನ್ನು ಅಧ್ಯಯನ ಮಾಡಿದವರಲ್ಲಿ ರಾಬರ್ಟ್ ಕರಾಸೆಕ್ ಎಂಬವರು 1979ರಲ್ಲಿ ಮುಂದಿಟ್ಟ ವಿಚಾರ ಇಂದಿಗೂ ಬಳಕೆಯಲ್ಲಿದೆ. ಕೆಲಸ ಹೆಚ್ಚಿದ್ದ ಮಾತ್ರಕ್ಕೇ ಜನ ಕುಸಿಯುವುದಿಲ್ಲ. ಬೇಡಿಕೆ ಹೆಚ್ಚಿದ್ದು, ಅದನ್ನು ಪೂರೈಸುವ ಬಗೆಯಲ್ಲಿ ತಮ್ಮ ಕೈಯಲ್ಲಿ ಏನೂ ಇಲ್ಲದಿದ್ದಾಗ ಕುಸಿಯುತ್ತಾರೆ. ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ಮೈಕೇಲ್ ಮಾರ್ಮಟ್ ಮತ್ತು ಸಂಗಡಿಗರ ಅಧ್ಯಯನದಲ್ಲೂ, ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಲ್ಲಿ ಹೃದಯರೋಗ ಹೆಚ್ಚು ಕಂಡಿತ್ತು. ನಿಮ್ಮ ಸ್ಥಾನವನ್ನು ಇದರ ಮುಂದಿಟ್ಟು ನೋಡಿ. ಟನ್ನೇಜಿಗೆ ನೀವು ಹೊಣೆ, ಆದರೆ ಪಾಳಿಗೆ ಎಷ್ಟು ಜನ ಬರಬೇಕೆಂಬುದು ಗುತ್ತಿಗೆದಾರನ ಕೈಯಲ್ಲಿ. ಸುರಕ್ಷತೆಗೆ ನೀವು ಹೊಣೆ, ಆದರೆ ಸಾವಿರ ಡಿಗ್ರಿಯಲ್ಲಿ ಉರಿಯುವ ಕಿಲ್ನ್ (ಅದಿರು ಕಾಯಿಸುವ ಕುಲುಮೆ) ನಿಲ್ಲಿಸುವ ತೀರ್ಮಾನ ಮೇಲಿನವರದು. ಅದಿರಿನ ಗುಣಮಟ್ಟ ಕೆಟ್ಟು ಕಿಲ್ನ್ ಒಳಗೋಡೆಗೆ ಮಾಲು ಅಂಟಿ ಗಡ್ಡೆ ಕಟ್ಟಿಕೊಂಡರೆ ಅದಕ್ಕೂ ವಿವರಣೆ ಬರೆಯಬೇಕಾದವರು ನೀವೇ.

ತರಬೇತಿಗಳ ಬಗ್ಗೆ ಇನ್ನೊಂದು ಮಾತು. ಬ್ರಿಟನ್ನಿನ 233 ಸಂಸ್ಥೆಗಳ 46 ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ರೆಸಿಲಿಯನ್ಸ್ ತರಬೇತಿ, ಧ್ಯಾನದ ಆ್ಯಪ್ ಮುಂತಾದ ವೈಯಕ್ತಿಕ ಮಟ್ಟದ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು ಭಾಗವಹಿಸದವರಿಗಿಂತ ಉತ್ತಮ ಸ್ಥಿತಿಯಲ್ಲಿ ಇರಲಿಲ್ಲ ಎಂದು ಕಂಡುಕೊಂಡಿತು. ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರವಾದ್ದರಿಂದ ಅದೇ ಕೊನೆಯ ಮಾತಲ್ಲ, ನಿಜ. ಆದರೂ ಜನ ಸಾಲದ ಪಾಳಿಯನ್ನು ಹಾಗೆಯೇ ಇಟ್ಟು ಪ್ರೊಜೆಕ್ಟರ್ ಹಚ್ಚಿ ಮನೋಬಲದ ಪಾಠ ಹೇಳಿದರೆ ಫಲ ಇಷ್ಟೇ ಎಂಬುದು ನಮ್ಮ ಕಡೆಯ ಅನುಭವಕ್ಕೂ ಹೊಂದುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಕೆಲಸದ ಏರ್ಪಾಟನ್ನು ಬದಲಿಸುವುದಕ್ಕೆ, ಮೇಲ್ವಿಚಾರಕರಿಗೆ ತರಬೇತಿ ಕೊಡುವುದಕ್ಕೆ ಪ್ರಮುಖ ಸ್ಥಾನ ಕೊಡುತ್ತದೆ. ನಿಮ್ಮ ಕಿಲ್ನ್‌ನ ಒಳಗೋಡೆಯ ಇಟ್ಟಿಗೆ ಎಷ್ಟೇ ಉತ್ತಮ ದರ್ಜೆಯದ್ದಾಗಿದ್ದರೂ ಶಟ್‌ಡೌನ್ ತೆಗೆದುಕೊಂಡು ದುರಸ್ತಿ ಮಾಡದೆ ವರ್ಷಗಟ್ಟಲೆ ಓಡಿಸುತ್ತೇವೆಂದು ಯಾವ ಮ್ಯಾನೇಜರೂ ಹೇಳುವುದಿಲ್ಲ. ಶಟ್‌ಡೌನ್ ಇಲ್ಲದ ಓಟವನ್ನು ಮನುಷ್ಯರಿಂದ ಮಾತ್ರ ಕೇಳುತ್ತಾರೆ.

ಹಾಗಾದರೆ ತಾಳಿಕೊಳ್ಳುವ ಶಕ್ತಿ ಎಂಬುದೇ ಇಲ್ಲವೇ? ಇದೆ. ಆದರೆ ಅದು ಎದೆಯೊಳಗೆ ಹುಟ್ಟಿನಿಂದ ಬಂದ ಉಕ್ಕಿನ ತುಂಡಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿ ನೋಡಿದರು. ಬಡತನ, ಕುಡಿತ, ಮನೆಯ ಕಲಹಗಳ ನಡುವೆ ಬೆಳೆದ ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಸಮರ್ಥರಾಗಿ, ಅಕ್ಕರೆಯುಳ್ಳವರಾಗಿ ಬೆಳೆದರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ಅಂಶವೆಂದರೆ, ಅಜ್ಜಿಯೋ ಶಿಕ್ಷಕರೋ ನೆರೆಯವರೋ, ನಂಬಬಹುದಾದ ಒಬ್ಬರಾದರೂ ಅವರ ಬೆನ್ನಿಗಿದ್ದರು. ಕೆಲಸದ ಜಾಗದಲ್ಲಿಯೂ ಇದು ನಿಜ. ಬ್ರೇಕ್‌ಡೌನ್ ಆದ ರಾತ್ರಿ ಬೈಗುಳಕ್ಕಿಂತ ಮೊದಲು ‘ನಿನಗೇನು ಬೇಕು ಹೇಳು’ ಎಂದು ಕೇಳುವ ಒಬ್ಬ ಮೇಲಧಿಕಾರಿ, ತುರ್ತಿಗೆ ಪಾಳಿ ಬದಲಿಸಿಕೊಳ್ಳುವ ಒಬ್ಬ ಸಹೋದ್ಯೋಗಿ ಇದ್ದ ಕಡೆ ಜನ ಎಷ್ಟೋ ಹೆಚ್ಚು ತಾಳಿಕೊಳ್ಳುತ್ತಾರೆ. ನಿಮ್ಮ ಕೆಳಗೆ ದುಡಿಯುವ ಗುತ್ತಿಗೆ ಹುಡುಗರಿಗೆ ಆ ಮೇಲಧಿಕಾರಿ ನೀವೇ ಎಂಬುದನ್ನೂ ಮರೆಯಬೇಡಿ. ಅವರಿಗೆ ನಿಮಗಿರುವಷ್ಟು ಕೆಲಸದ ಭದ್ರತೆಯೂ ಇಲ್ಲ.

ಮೇಲಿನವರೊಡನೆ ಮಾತಾಡುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ‘ನನಗೆ ಒತ್ತಡವಾಗಿದೆ’ ಎಂದು ಹೋದರೆ ‘ಯಾರಿಗಿಲ್ಲ?’ ಎಂಬ ಉತ್ತರ ಸಿದ್ಧವಿರುತ್ತದೆ. ಅದರ ಬದಲು ಮೂರು ತಿಂಗಳ ಲೆಕ್ಕ ಇಡಿ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ದಿನಾಂಕ, ರಿಲೀವರ್ ಬಂದ ಹೊತ್ತು, ಸತತ ದುಡಿದ ಗಂಟೆ, ಆ ಹೊತ್ತಿನಲ್ಲಿ ಕೂದಲೆಳೆಯಲ್ಲಿ ತಪ್ಪಿದ ಅವಘಡಗಳು, ಇಷ್ಟು ಸಾಕು. ಅದನ್ನು ವೈಯಕ್ತಿಕ ದೂರಾಗಿ ಒಯ್ಯದೆ ಸುರಕ್ಷತೆಯ ವಿಷಯವಾಗಿ ಮುಂದಿಡಿ: 16 ಗಂಟೆ ದುಡಿದವರ ಕೈಯಲ್ಲಿ ಕಂಟ್ರೋಲ್ ಪ್ಯಾನೆಲ್ ಇರುವುದು ಕಂಪನಿಗೂ ಅಪಾಯ. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಾರ್ಖಾನೆಗಳಲ್ಲಿ ಕಾರ್ಮಿಕರೂ ಆಡಳಿತದವರೂ ಸಮಸಂಖ್ಯೆಯಲ್ಲಿರುವ ಸುರಕ್ಷತಾ ಸಮಿತಿ ಇರಬೇಕೆಂಬ ನಿಯಮವನ್ನು 1948ರ ಕಾರ್ಖಾನೆ ಕಾಯ್ದೆಯಲ್ಲಿಯೇ ತಿದ್ದುಪಡಿಯ ಮೂಲಕ ತರಲಾಗಿತ್ತು. ಅಂಥ ಸಮಿತಿ ನಿಮ್ಮಲ್ಲಿದ್ದರೆ ಮಾತನ್ನು ಅಲ್ಲಿಗೆ ಒಯ್ಯಬಹುದು. ಕೇಳಬೇಕಾದದ್ದು ಬಹಳವಿಲ್ಲ. ಪಾಳಿ ಎ, ಬಿ, ಸಿ ಎಂದು ಮುಂದಕ್ಕೆ ತಿರುಗಲಿ, ಇದಕ್ಕೆ ಕಂಪನಿಗೆ ಒಂದು ಪೈಸೆಯ ಖರ್ಚೂ ಇಲ್ಲ. ಎರಡು ಪಾಳಿಗಳ ನಡುವೆ ಕನಿಷ್ಠ 11–12 ಗಂಟೆ ಬಿಡುವಿರಲಿ. ರಿಲೀವರ್ ಬಾರದ ದಿನ ಯಾರನ್ನು ಕರೆಸಬೇಕೆಂಬ ಪಟ್ಟಿ ಮೊದಲೇ ಸಿದ್ಧವಿರಲಿ. ವೀಕ್ಲಿ ಆಫ್ ದಿನ ಗ್ರೂಪಿಗೆ ಉತ್ತರ ಕೊಡುವ ಹೊಣೆ ಆ ಹೊತ್ತಿನ ಡ್ಯೂಟಿಯಲ್ಲಿರುವವರದಾಗಲಿ. ತುರ್ತಿದ್ದರೆ ಫೋನ್ ಮಾಡಲಿ, ಬೆಂಕಿ ಬಿದ್ದದ್ದನ್ನು ಯಾರೂ ವಾಟ್ಸ್‌ಆ್ಯಪಿನಲ್ಲಿ ತಿಳಿಸುವುದಿಲ್ಲ.

ವಾರಕ್ಕೆ 48 ಗಂಟೆಯ ಮಿತಿ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ವೇತನ, ಇವು ಕಾರ್ಖಾನೆ ಕಾಯ್ದೆಯಿಂದ ಬಂದ ಹಕ್ಕುಗಳು. ಆದರೆ ಇನ್‌ಚಾರ್ಜ್ ಆದವರಿಗೆ ಇಲ್ಲೊಂದು ತೊಡಕಿದೆ. ಮೇಲ್ವಿಚಾರಣೆಯ ಸ್ಥಾನದಲ್ಲಿರುವವರನ್ನು ಈ ಮಿತಿಗಳಿಂದ ಹೊರಗಿಡಲು ಆ ಕಾಯ್ದೆಯಲ್ಲಿ ರಾಜ್ಯ ಸರ್ಕಾರಕ್ಕೆ ಅವಕಾಶವಿತ್ತು. ಅದರ ಬದಲಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ತಿಂಗಳಿಗೆ 18 ಸಾವಿರ ರೂಪಾಯಿಗಿಂತ ಹೆಚ್ಚು ವೇತನವಿರುವ ಮೇಲ್ವಿಚಾರಕರನ್ನು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗಿಡುತ್ತದೆ. ಬಡ್ತಿಯ ಪತ್ರದಲ್ಲಿ ಬರೆದ ಹುದ್ದೆಯ ಹೆಸರಿಗಿಂತ ನೀವು ನಿಜವಾಗಿ ಮಾಡುವ ಕೆಲಸ ಯಾವುದೆಂಬುದೇ ಇಲ್ಲಿ ಮುಖ್ಯವಾದ್ದರಿಂದ, ಓಟಿ ವಿಷಯದಲ್ಲಿ ತಕರಾರು ಬಂದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲೋ ತಿಳಿದ ವಕೀಲರಲ್ಲೋ ನಿಮ್ಮ ಕಾಗದಗಳನ್ನು ತೋರಿಸಿ ಕೇಳಿ.

ವೈದ್ಯರಿಗಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಹಾಗೆ ನೋಡಿದರೆ, ಮನೋರೋಗದ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಯ ಗೋಡೆಯಿಂದಾಚೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗೆ ತರಬಹುದೆಂದು ದೇಶಕ್ಕೆ ತೋರಿಸಿಕೊಟ್ಟದ್ದೇ ನಮ್ಮ ಸೀಮೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಸಂಸ್ಥೆ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗ ‘ಬಳ್ಳಾರಿ ಮಾದರಿ’ ಎಂದು ಹೆಸರಾಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಡಿಪಾಯ. ಆಗ ನಿಮ್ಮ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯ ಭಾಗವಾಗಿತ್ತು. ಇಂದು ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಮನೋವೈದ್ಯಕೀಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮವೂ ರಾಜ್ಯದಲ್ಲಿದೆ. ಟೆಲಿ ಮಾನಸ್ 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಸೇವೆ. 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಸಿ ಶಿಫ್ಟಿನವರಿಗೆ ಇದು ದೊಡ್ಡ ಅನುಕೂಲ. ‘ವಿಷಯ ಕಂಪನಿಗೆ ಗೊತ್ತಾದರೆ?’ ಎಂಬ ಅಂಜಿಕೆ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗೋಪ್ಯ. ಕಾನೂನು ಹೇಳಿದ ಕೆಲವೇ ಸಂದರ್ಭಗಳನ್ನು ಬಿಟ್ಟರೆ ವೈದ್ಯರು ಅದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಹೊರಗೆ ಕೊಡುವಂತಿಲ್ಲ. ಆದರೆ ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ಎತ್ತರದ ಕೆಲಸ, ಕ್ರೇನ್, ವಾಹನದ ವಿಷಯದಲ್ಲಿ ಏನು ಮಾಡಬೇಕೆಂದು ವೈದ್ಯರನ್ನೇ ನೇರವಾಗಿ ಕೇಳಿ.

ಕೊನೆಯದು, ಕೆಲಸ ಬಿಡುವ ಪ್ರಶ್ನೆ. ಹೌದು ಎಂದೂ ಹೇಳಲಾರೆ, ಬೇಡ ಎಂದೂ ಹೇಳಲಾರೆ. ಈಗಲೇ ತೀರ್ಮಾನಿಸಬೇಡಿ ಎಂದು ಮಾತ್ರ ಹೇಳುತ್ತೇನೆ. ನಿದ್ದೆಗೆಟ್ಟ ತಲೆಗೆ ಎಲ್ಲ ದಾರಿಯೂ ಮುಚ್ಚಿದಂತೆ ಕಾಣುತ್ತದೆ. ಚಿಕಿತ್ಸೆ ಆರಂಭವಾಗಿ ಆರೆಂಟು ವಾರ ಕಳೆಯಲಿ, ನಿಮ್ಮ ಬೇಡಿಕೆಗಳಿಗೆ ಕಂಪನಿ ಹೇಗೆ ಸ್ಪಂದಿಸುತ್ತದೆ ಎಂಬುದೂ ಅಷ್ಟರಲ್ಲಿ ತಿಳಿಯುತ್ತದೆ. ಆಮೇಲೂ ಬಿಡಬೇಕೆನ್ನಿಸಿದರೆ ಅದು ಸೋಲಲ್ಲ, ಆರೋಗ್ಯವಂತ ಮನುಷ್ಯ ಯೋಚಿಸಿ ಮಾಡಿದ ನಿರ್ಧಾರ. ಉಕ್ಕಿನ ಕಾರ್ಖಾನೆಯಿರುವ ತೋರಣಗಲ್ಲಿಗೋ ಬೇರೆಡೆಗೋ ಸಂದರ್ಶನಕ್ಕೆ ಹೋದಾಗ ಸಂಬಳದ ಜೊತೆಗೆ ಪಾಳಿ ಯಾವ ದಿಕ್ಕಿಗೆ ತಿರುಗುತ್ತದೆ, ರಿಲೀವರ್ ಬಾರದಿದ್ದರೆ ಏನು ಮಾಡುತ್ತೀರಿ ಎಂದೂ ಕೇಳಿ. ಅಲ್ಲಿ ಈಗಾಗಲೇ ದುಡಿಯುತ್ತಿರುವ ಒಬ್ಬರನ್ನು ಹೊರಗೆ ಚಹಾದಂಗಡಿಯಲ್ಲಿ ವಿಚಾರಿಸಿದರೆ ಇನ್ನೂ ನಿಜವಾದ ಉತ್ತರ ಸಿಗುತ್ತದೆ. ಐದು ವರ್ಷ ಸತತ ಸೇವೆ ಮುಗಿಸಿದವರಿಗೆ ರಾಜೀನಾಮೆ ಕೊಟ್ಟರೂ ಗ್ರಾಚ್ಯುಟಿ ಸಲ್ಲುತ್ತದೆ, ನಿಮ್ಮ ಹನ್ನೊಂದು ವರ್ಷ ಎಲ್ಲಿಯೂ ಹೋಗುವುದಿಲ್ಲ. ಪಿಎಫ್ ಖಾತೆಯನ್ನು ಮಾತ್ರ ಮುರಿಸದೆ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ.